ಮೇಲಿನವನೋ, ಕೆಳಗಿನವನೋ

ಪೀಣ್ಯದ ಕಾರ್ಖಾನೆಯೊಂದರ ಪ್ರೆಸ್ ಶಾಪಿನಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದ ಕೊಟ್ರಪ್ಪನವರಿಗೆ ನಿವೃತ್ತಿಯ ದಿನ ಕಂಪನಿಯವರು ಒಂದು ಗೋಡೆ ಗಡಿಯಾರ ಕೊಟ್ಟರು. ಅದಕ್ಕೆ ಬದಲಾಗಿ ಎರಡೂ ಕಿವಿ ಮೊದಲೇ ಇಸಕೊಂಡಿದ್ದರು ಎಂದು ಅವರ ಹೆಂಡತಿ ಶರಣಮ್ಮ ಹೇಳುತ್ತಿದ್ದರು. ಆ ಮಾತೂ ಕೊಟ್ರಪ್ಪನವರಿಗೆ ಕೇಳಿಸುತ್ತಿರಲಿಲ್ಲ.

ಹರಪನಹಳ್ಳಿ ಕಡೆಯಿಂದ ಐಟಿಐ ಮುಗಿಸಿ ಬಂದ ಹೊಸದರಲ್ಲಿ ಅವರು ಕಿವಿಗೆ ಹತ್ತಿ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. ತಗಡಿನ ಮೇಲೆ ಡೈ ಎಂಬ ಉಕ್ಕಿನ ಅಚ್ಚು ಬಂದು ಬೀಳುವ ಸದ್ದು ಕೇಳಿಯೇ ಪ್ರೆಸ್ ಸರಿಯಾಗಿದೆಯೋ ಇಲ್ಲವೋ ಎಂದು ಹೇಳಬೇಕಾದ ಕೆಲಸವದು. ಹತ್ತಿ ಇಟ್ಟರೆ ಅದು ತಿಳಿಯದು ಎಂದು ತೆಗೆದುಹಾಕಿದರು. ಕಿವಿ ಒಂದೇ ದಿನಕ್ಕೆ ಹೋಗಲಿಲ್ಲ. ಮೊದಲು ಗುಬ್ಬಚ್ಚಿಯ ಸದ್ದು ಹೋಯಿತು, ಆಮೇಲೆ ಬಾಗಿಲ ಗಂಟೆ, ಆಮೇಲೆ ಫೋನಿನ ಮಾತು. ಕೊನೆಗೆ ಎದುರಿಗೆ ನಿಂತು ಕೂಗಿದರೆ ಮಾತ್ರ ಅಷ್ಟಿಷ್ಟು ತಿಳಿಯುತ್ತಿತ್ತು. ತನಗೆ ಚೆನ್ನಾಗಿಯೇ ಕೇಳುತ್ತದೆ, ಬೆಂಗಳೂರಿನ ಜನ ಬಾಯೊಳಗೇ ಮಾತಾಡುತ್ತಾರೆ ಅಷ್ಟೆ ಎಂಬುದು ಅವರ ವಾದವಾಗಿತ್ತು.

ನಿವೃತ್ತರಾದ ಹೊಸದರಲ್ಲಿ ಅವರು ಹಳೆಯ ಸಹೋದ್ಯೋಗಿಗಳ ಕೂಟಕ್ಕೆ ಹೋಗುತ್ತಿದ್ದರು. ಜಾಲಹಳ್ಳಿ ಕ್ರಾಸಿನ ಹತ್ತಿರದ ಒಂದು ಹೋಟೆಲಿನಲ್ಲಿ ತಿಂಗಳಿಗೊಮ್ಮೆ ಎಲ್ಲರೂ ಸೇರಿ ದೋಸೆ ತಿಂದು ಹರಟುವ ವಾಡಿಕೆ. ಎಲ್ಲರೂ ನಕ್ಕಾಗ ಕೊಟ್ರಪ್ಪನವರೂ ನಗುತ್ತಿದ್ದರು. ಒಂದು ಸಲ ಟೂಲ್ ರೂಮಿನ ವೆಂಕಟರಮಣಪ್ಪ ಏನೋ ಹೇಳಿದಾಗ ಇವರು ಎಂದಿನಂತೆ ಗಟ್ಟಿಯಾಗಿ ನಕ್ಕುಬಿಟ್ಟರು. ಸುತ್ತಲಿನ ಮುಖ ನೋಡಿದ ಮೇಲೆ ಏನೋ ತಪ್ಪಾಗಿದೆ ಎಂದು ಗೊತ್ತಾಯಿತು. ವೆಂಕಟರಮಣಪ್ಪ ಹೇಳಿದ್ದು ತನ್ನ ತಮ್ಮ ತೀರಿಕೊಂಡ ಸುದ್ದಿ. ಅವತ್ತಿನಿಂದ ಕೊಟ್ರಪ್ಪ ಕೂಟಕ್ಕೆ ಹೋಗುವುದನ್ನೇ ಬಿಟ್ಟರು. ಯಾಕೆಂದು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮಗ ಶಿವರಾಜ್ ಒಂದು ಜೊತೆ ಕಿವಿ ಮಿಷನ್ ತಂದುಕೊಟ್ಟ. ಕೊಟ್ರಪ್ಪ ಅದನ್ನು ಹಾಕಿಕೊಂಡದ್ದು ಒಂದೇ ದಿನ. ಕುಕ್ಕರಿನ ಸೀಟಿ, ಮಿಕ್ಸಿ, ಕುರ್ಚಿ ಎಳೆಯುವ ಸದ್ದು, ಹೊರಗೆ ತುಮಕೂರು ರಸ್ತೆಯ ಲಾರಿಗಳು, ಎಲ್ಲ ಒಟ್ಟಿಗೆ ನುಗ್ಗಿ ತಲೆಯೊಳಗೆ ಮತ್ತೊಂದು ಪ್ರೆಸ್ ಶಾಪ್ ಶುರುವಾದಂತಾಯಿತು. ಕಿತ್ತು ಬೀರುವಿನ ಡ್ರಾಯರಿಗೆ ಹಾಕಿದರು. ಶಿವರಾಜನಿಗೆ ಬೇಜಾರಾಯಿತು. ಅವನು ಕೂಗಿ ಹೇಳಿದರೆ ಇವರಿಗೆ ಬೈದಂತೆ ಕಾಣುತ್ತಿತ್ತು. ಇವರು ಉತ್ತರ ಕೊಟ್ಟರೆ ಅದು ಮೂರನೇ ಮಹಡಿಯವರಿಗೂ ಕೇಳಿಸುತ್ತಿತ್ತು. ಬರಬರುತ್ತಾ ಅಪ್ಪ ಮಗನ ನಡುವೆ ಮಾತೇ ಕಡಿಮೆಯಾಯಿತು.

ಇಂಥ ಮನೆಗೆ ಸೊಸೆಯಾಗಿ ಬಂದವಳು ಚಿತ್ರದುರ್ಗದ ಶೈಲಜಾ. ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬೆಳಗ್ಗೆ ನಾಗಸಂದ್ರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಊರಿನ ಆ ತುದಿಗೆ ಹೋಗಿ ಸಂಜೆ ಬರುವಳು. ಅವಳದು ಮೊದಲೇ ಮೆಲುದನಿ. ಮದುವೆಯಾಗಿ ಎರಡು ವರ್ಷವಾದರೂ ಅವಳ ಒಂದು ಮಾತೂ ಮಾವನ ಕಿವಿಗೆ ಬಿದ್ದಿರಲಿಲ್ಲ. ಅವಳು ಅತ್ತೆಗೆ ಹೇಳಿ, ಅತ್ತೆ ಅದನ್ನು ಮಾವನಿಗೆ ಕೂಗಿ ಹೇಳಿ, ಸಂಸಾರ ಹೇಗೋ ನಡೆಯುತ್ತಿತ್ತು. ಕೊಟ್ರಪ್ಪನವರಿಗೆ ಸೊಸೆಯ ಮೇಲೆ ಸಿಟ್ಟೇನೂ ಇರಲಿಲ್ಲ. ಗೋಡೆಯ ಆಚೆ ವಾಸವಿರುವ ಒಳ್ಳೆಯ ನೆರೆಯವಳ ಹಾಗೆ ಅವಳು ಅವರಿಗೆ.

ಮೇ ತಿಂಗಳ ಒಂದು ಬೆಳಗ್ಗೆ ಶೈಲಜಾ ಆಫೀಸಿನ ಹತ್ತಿರ ಫುಟ್‌ಪಾತಿನ ಮೇಲೆ ನಡೆಯುತ್ತಿದ್ದಾಗ ಕಾಲಡಿಯ ಕಲ್ಲುಚಪ್ಪಡಿ ವಾಲಿತು. ಪಾದ ಸಂದಿಗೆ ಇಳಿದು ಮುರಿಯಿತು. ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದರು. ಕೋಣೆಯಲ್ಲಿ ಒಬ್ಬಳೇ ಬಿದ್ದುಕೊಂಡರೆ ಬೇಜಾರೆಂದು ಅವಳು ಹಾಲಿನ ಸೋಫಾವನ್ನೇ ಆಫೀಸು ಮಾಡಿಕೊಂಡಳು. ಅವಳ ಮೀಟಿಂಗುಗಳೆಲ್ಲ ಬೆಳಗ್ಗೆ ಮತ್ತು ಸಂಜೆ. ಮಧ್ಯಾಹ್ನ ಬಿಡುವು. ಶರಣಮ್ಮ ಊಟ ಮುಗಿಸಿ ಮಲಗುವರು, ಇಲ್ಲವೇ ಭಜನೆಯ ಗೆಳತಿಯರ ಮನೆಗೆ ಹೋಗುವರು. ಹಾಲಿನಲ್ಲಿ ಉಳಿಯುವವರು ಇಬ್ಬರೇ. ಒಬ್ಬರಿಗೆ ಕಿವಿಯಿಲ್ಲ, ಇನ್ನೊಬ್ಬರಿಗೆ ಕಾಲಿಲ್ಲ.

ಆ ದಿನಗಳಲ್ಲಿ ಪ್ಯಾರಿಸಿನ ದೊಡ್ಡ ಟೆನಿಸ್ ಪಂದ್ಯಾವಳಿ ನಡೆಯುತ್ತಿತ್ತು. ನಮ್ಮ ಮಧ್ಯಾಹ್ನ ಎರಡೂವರೆಗೆಲ್ಲ ಆಟ ಶುರು. ಶೈಲಜಾ ಪಿಯುಸಿವರೆಗೆ ಚಿತ್ರದುರ್ಗದ ಕ್ಲಬ್ಬಿನ ಮಣ್ಣಿನ ಅಂಗಳದಲ್ಲಿ ಟೆನಿಸ್ ಆಡಿದವಳು. ಅದು ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿರಲಿಲ್ಲ. ಅತ್ತೆಯ ನಿದ್ದೆ ಕೆಡದಿರಲೆಂದು ಟಿವಿಯ ಸದ್ದು ಪೂರ್ತಿ ಕಡಿಮೆ ಮಾಡಿ ನೋಡುತ್ತಿದ್ದಳು. ಎದುರಿನ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತ ಕೊಟ್ರಪ್ಪನವರಿಗೆ, ಪರದೆಯ ಮೂಲೆಯಲ್ಲಿ ಸದ್ದು ನಿಲ್ಲಿಸಿದ ಗುರುತು ಕಂಡು, ಒಂದು ಸಂಗತಿ ವಿಚಿತ್ರವೆನಿಸಿತು. ಈ ಮನೆಯಲ್ಲಿ ಮೊದಲ ಬಾರಿಗೆ ಇನ್ನೊಬ್ಬರು ಟಿವಿಯನ್ನು ತಾನು ನೋಡುವ ಹಾಗೆಯೇ ನೋಡುತ್ತಿದ್ದಾರೆ. ಪೇಪರ್ ಮಡಚಿ ಅವರೂ ನೋಡತೊಡಗಿದರು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಶೈಲಜಾ ಕೈಸನ್ನೆಯಲ್ಲೇ ಕೇಳಿದಳು. ಬೆರಳನ್ನು ಮೇಲೆ ತೋರಿಸಿದಳು, ಕೆಳಗೆ ತೋರಿಸಿದಳು, ಹುಬ್ಬು ಏರಿಸಿದಳು. ಯಾರು ಗೆಲ್ಲಬಹುದು, ಪರದೆಯ ಮೇಲ್ಗಡೆ ಆಡುವವನೋ, ಕೆಳಗಡೆಯವನೋ? ಕೊಟ್ರಪ್ಪ ಸ್ವಲ್ಪ ಹೊತ್ತು ನೋಡಿ ಮೇಲಕ್ಕೆ ಬೆರಳು ತೋರಿಸಿದರು. ಅಷ್ಟರಲ್ಲಿ ಆಟಗಾರರು ಅಂಗಳದ ಬದಿ ಬದಲಾಯಿಸಿದರು. ಕೊನೆಗೆ ಗೆದ್ದವನು ಮೇಲ್ಗಡೆಯೇ ಇದ್ದ, ಆದರೆ ಅವನು ಮೊದಲು ಕೆಳಗಿದ್ದವನು. ಕೊಟ್ರಪ್ಪ ತಾನೇ ಗೆದ್ದೆ ಎಂದರು. ಶೈಲಜಾ ಒಪ್ಪಲಿಲ್ಲ. ನೀವು ಮನುಷ್ಯನನ್ನು ಆರಿಸಬೇಕು, ಜಾಗವನ್ನಲ್ಲ ಎಂದು ಕೈ ಬಾಯಿ ಎಲ್ಲ ಉಪಯೋಗಿಸಿ ತಿಳಿಸಿದಳು. ಹಾಗಿದ್ದರೆ ಮೊದಲೇ ಹೇಳಬೇಕಿತ್ತು ಎಂದು ಅವರು ಕೂಗಿದ ರಭಸಕ್ಕೆ ಶರಣಮ್ಮ ಎದ್ದು ಬಂದರು. ಮಾವ ಸೊಸೆ ಜಗಳವಾಡುತ್ತಿದ್ದಾರೆ ಎಂದು ಗಾಬರಿಯಾಗಿ ಬಂದವರು, ಇಬ್ಬರೂ ನಗುತ್ತಿರುವುದನ್ನು ನೋಡಿ ಏನೂ ತಿಳಿಯದೆ ವಾಪಸ್ ಹೋಗಿ ಮಲಗಿದರು.

ಹೀಗೆ ಶುರುವಾಯಿತು. ಸೋತವರು ಸಂಜೆಯ ಸೊಪ್ಪು ಬಿಡಿಸಬೇಕು ಎಂಬುದು ಪಂತ. ಕೂತಲ್ಲೇ ಮಾಡುವ ಕೆಲಸವಾದ್ದರಿಂದ ಇಬ್ಬರಿಗೂ ಸರಿಹೋಯಿತು. ಕೊಟ್ರಪ್ಪನವರು ಜನ್ಮದಲ್ಲಿ ಒಂದು ಕಟ್ಟು ಮೆಂತ್ಯ ಬಿಡಿಸಿದವರಲ್ಲ. ಮೊದಲ ವಾರ ಬಹುಪಾಲು ಅವರೇ ಬಿಡಿಸಿದರು, ಎಲೆಗಿಂತ ದಂಟೇ ಜಾಸ್ತಿ ಉಳಿಸಿ.

ಶೈಲಜಾ ಆಟಗಾರರ ಶ್ರೇಯಾಂಕ, ಹಿಂದಿನ ಪಂದ್ಯಗಳು, ಮಣ್ಣಿನ ಅಂಗಳದಲ್ಲಿ ಯಾರು ಹೇಗೆ ಎಂಬುದನ್ನೆಲ್ಲ ಫೋನಿನಲ್ಲಿ ಹುಡುಕಿ ತೋರಿಸುವಳು. ಕೊಟ್ರಪ್ಪನವರ ದಾರಿಯೇ ಬೇರೆ. ಅವರಿಗೆ ಹೆಸರುಗಳು ನಾಲಿಗೆಗೆ ಹತ್ತುತ್ತಿರಲಿಲ್ಲ. ಹಾಗಾಗಿ ಆಟಗಾರರಿಗೆಲ್ಲ ತಮ್ಮ ಕಾರ್ಖಾನೆಯವರ ಹೆಸರಿಟ್ಟರು. ಅಂಪೈರಿನ ಜೊತೆ ಜಗಳ ತೆಗೆಯುವವನು ಟೂಲ್ ರೂಮಿನ ವೆಂಕಟರಮಣಪ್ಪ. ಚೆಂಡು ಹೊಡೆಯುವ ಮುಂಚೆ ಹತ್ತು ಸಲ ಅಂಗಿ ಸರಿಮಾಡಿಕೊಳ್ಳುವವನು ಸ್ಟೋರ್ಸಿನ ಹನುಮೇಶ. ಮುಖ ಒರೆಸಲು ಹೊತ್ತು ತೆಗೆದುಕೊಳ್ಳುವವನು ಸೋಲುತ್ತಾನೆ ಎಂದು ಒಂದು ಸೂತ್ರ ಕಟ್ಟಿದರು. ಮರುದಿನವೇ ಅಂಥವನೊಬ್ಬ ಗೆದ್ದ. ಮೊದಲ ಸೆಟ್ ಗೆದ್ದು ನಗುವವನು ಕೊನೆಗೆ ಕೆಡುತ್ತಾನೆ ಎಂದು ಇನ್ನೊಂದು ಸೂತ್ರ; ಅದೂ ಎರಡು ದಿನ ಬಾಳಲಿಲ್ಲ. ಆದರೆ ಶೈಲಜಾಳ ಲೆಕ್ಕಾಚಾರವೂ ಅಷ್ಟೇ ಸಲ ತಲೆಕೆಳಗಾಗುತ್ತಿತ್ತು. ಯಾರಿಗೂ ಗೊತ್ತಾಗದಿರುವುದನ್ನು ಇಬ್ಬರೂ ಸೇರಿ ಊಹಿಸುವುದರಲ್ಲಿ ಒಂದು ಸಮಾಧಾನವಿತ್ತು. ಹದಿನೈದು, ಮೂವತ್ತು ಆದ ಮೇಲೆ ನಲವತ್ತೈದು ಬರದೆ ನಲವತ್ತು ಯಾಕೆ ಎಂದು ಕೊಟ್ರಪ್ಪ ಕೇಳಿದಾಗ ಅವಳು ತನಗೂ ಗೊತ್ತಿಲ್ಲವೆಂದು ತಲೆಯಾಡಿಸಿದಳು. ಗೊತ್ತಿಲ್ಲ ಎಂದು ಅಷ್ಟು ಸಲೀಸಾಗಿ ಒಪ್ಪಿಕೊಳ್ಳುವ ಹುಡುಗಿ ಅವರಿಗೆ ಹಿಡಿಸಿದಳು.

ನಿವೃತ್ತರಾದ ಮೇಲೆ, ಮುಂದೆ ಏನಾಗಬಹುದು ಅನ್ನಿಸುತ್ತದೆ ಎಂದು ಅವರನ್ನು ಕೇಳಿದವರೇ ಇರಲಿಲ್ಲ. ಈಗ ದಿನಾ ಊಟವಾದ ಕೂಡಲೇ ಒಬ್ಬಳು ಹುಬ್ಬೇರಿಸಿ ಕೇಳುತ್ತಿದ್ದಳು. ಕೊಟ್ರಪ್ಪ ಬೆಳಗ್ಗೆಯಿಂದಲೇ ಅದಕ್ಕೆ ಕಾಯುತ್ತಿದ್ದರು. ಅವಳು ಎದುರಿಗೆ ಮುಖ ಮಾಡಿ ನಿಧಾನವಾಗಿ ಮಾತಾಡಿದರೆ ತುಟಿಯ ಮೇಲೆ ಅರ್ಧ ಓದಿಕೊಳ್ಳಲೂ ಕಲಿತರು.

ಎರಡನೆಯ ವಾರದ ಒಂದು ಮಧ್ಯಾಹ್ನ ಶರಣಮ್ಮ ಭಜನೆಗೆ ಹೋಗಿದ್ದರು. ಐದು ಸೆಟ್ಟಿನ ಪಂದ್ಯ ನಡೆಯುತ್ತಿತ್ತು. ಕೊಟ್ರಪ್ಪ ಆರಿಸಿದ್ದು ಹನುಮೇಶನನ್ನು. ನಾಲ್ಕನೆಯ ಸೆಟ್ ಶುರುವಾಗುವಾಗ ಶೈಲಜಾ ಊರುಗೋಲು ಹಿಡಿದು ನೀರು ಕುಡಿಯಲೆಂದು ಅಡುಗೆಮನೆಗೆ ಹೋದಳು. ಆಟ ಬಿಗಿಯಾಗಿತ್ತು. ಕೊಟ್ರಪ್ಪ ಕುರ್ಚಿಯ ತುದಿಗೆ ಜರುಗಿ ಕೂತು, ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಹನುಮೇಶ ಆ ಸೆಟ್ ಗೆದ್ದ. ಖುಷಿಯಿಂದ ಸೋಫಾದ ಕಡೆ ತಿರುಗಿ ಬೆರಳೆತ್ತಿದರು. ಸೋಫಾ ಖಾಲಿಯಿತ್ತು.

ಇಷ್ಟು ಹೊತ್ತು ಯಾಕೆ ಎಂದುಕೊಂಡು ಎದ್ದು ಹೋಗಿ ನೋಡಿದರೆ, ಅಡುಗೆಮನೆಯ ಹೊಸ್ತಿಲ ಒಳಗೆ ಶೈಲಜಾ ನೆಲದ ಮೇಲೆ ಬಿದ್ದಿದ್ದಳು. ಚೆಲ್ಲಿದ ನೀರಿನಲ್ಲಿ ಊರುಗೋಲು ಜಾರಿತ್ತು. ಪ್ಲಾಸ್ಟರಿನ ಕಾಲು ಮಡಚಲಾರದೆ, ಇನ್ನೊಂದು ಕಾಲಿನ ಮೇಲೆ ಏಳಲಾರದೆ, ಗೋಡೆಗೆ ಒರಗಿಕೊಂಡಿದ್ದಳು. ಅವಳ ಸುತ್ತ ಸ್ಟೀಲ್ ಲೋಟಗಳು, ಒಂದು ತಟ್ಟೆ, ಸೌಟು ಬಿದ್ದಿದ್ದವು. ಕೈಗೆ ಸಿಕ್ಕಿದ್ದನ್ನೆಲ್ಲ ಹಾಲಿನ ಗೋಡೆಗೆ ಎಸೆದಿದ್ದಳು. ಒಂದು ಸೆಟ್ ಪೂರ್ತಿ ಅವಳು ಕೂಗಿದ್ದಳು. ಇವರು ನಾಲ್ಕು ಮಾರು ದೂರದಲ್ಲಿ ಕೂತಿದ್ದರು.

ಕೊಟ್ರಪ್ಪ ಅವಳ ತೋಳಿನಡಿ ಕೈಹಾಕಿ ಎಬ್ಬಿಸಿದರು. ಅವಳ ಕಣ್ಣು ಕೆಂಪಾಗಿತ್ತು, ಆದರೂ ಸೋಫಾದ ಮೇಲೆ ಕೂತು ಉಸಿರು ತಂದುಕೊಂಡ ಮೇಲೆ ಅವಳು ಟಿವಿಯ ಕಡೆ ನೋಡಿ, ಅವರ ಕಡೆ ತಿರುಗಿ, ತುಟಿ ಬಿಡಿಸಿ ಕೇಳಿದ್ದು ಇಷ್ಟೇ: "ಯಾರು ಗೆದ್ರು ಮಾವ?"

ಕೊಟ್ರಪ್ಪ ಎದ್ದು ಟಿವಿ ಆರಿಸಿದರು.

ಮುರಿದ ಕಾಲಿಗೆ ಹೊಸದಾಗಿ ಏನೂ ಆಗಿರಲಿಲ್ಲ. ಸಂಜೆ ವಿಷಯ ತಿಳಿದ ಮೇಲೆ ಶಿವರಾಜ್ ಬೈಯದೆ ಅಡುಗೆಮನೆಯ ನೆಲ ಒರೆಸಿದ. ಶರಣಮ್ಮನೂ ಗದರಲಿಲ್ಲ. ಯಾರಾದರೂ ಬೈದಿದ್ದರೆ ವಾದ ಮಾಡಬಹುದಿತ್ತು. ಮರುದಿನ ಮಧ್ಯಾಹ್ನ ಶೈಲಜಾ ಏನೂ ಆಗದವಳಂತೆ ಬೆರಳು ಮೇಲೆ ಕೆಳಗೆ ತೋರಿಸಿದಾಗ ಕೊಟ್ರಪ್ಪ ಎದ್ದು ಕೋಣೆಗೆ ಹೋಗಿ, ಡ್ರಾಯರಿನಲ್ಲಿ ಹಳೆಯ ಬೀಗದ ಕೈಗಳ ಕೆಳಗಿದ್ದ ಕಿವಿ ಮಿಷನ್ ತೆಗೆದು, ಜೊತೆಗಿದ್ದ ಹೊಸ ಸೆಲ್ ಹಾಕಿ, ಕನ್ನಡಿಯ ಮುಂದೆ ನಿಂತು ಹಾಕಿಕೊಂಡು ಬಂದರು. ಬಂದು ಕೂತರೆ ಶೈಲಜಾ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಾಳೆ. ಸರಿಯಾಗಿ ಕೂರದ ಮಿಷನ್ ಕುಯ್ಯೆಂದು ಸೀಟಿ ಹೊಡೆಯುತ್ತಿತ್ತು. ಅದು ಮನೆಗೆಲ್ಲ ಕೇಳಿಸುತ್ತಿತ್ತು, ಅವರೊಬ್ಬರನ್ನು ಬಿಟ್ಟು. ಅವಳು ಹತ್ತಿರ ಕರೆದು ಕೂರಿಸಿಕೊಂಡು ಎರಡೂ ಕಿವಿಯದನ್ನು ತಿರುಗಿಸಿ ಸರಿಯಾಗಿ ಕೂರಿಸಿದಳು. ಸೀಟಿ ನಿಂತಿತು, ಆದರೂ ಅವಳ ಮಾತು ಬೇರೆ ಸದ್ದುಗಳಲ್ಲಿ ಕಲಸಿಹೋಯಿತು. ಆಮೇಲೆ ಫೋನಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದಳು. ಶನಿವಾರ ಡಾಕ್ಟರ ಹತ್ತಿರ ಹೋಗೋಣ, ಇದನ್ನು ನಿಮ್ಮ ಕಿವಿಗೆ ತಕ್ಕ ಹಾಗೆ ಹೊಂದಿಸಬೇಕು.

ಶನಿವಾರ ಶಿವರಾಜನೇ ಕಾರಿನಲ್ಲಿ ರಾಜಾಜಿನಗರಕ್ಕೆ ಕರೆದುಕೊಂಡು ಹೋದ. ನಿನ್ನ ಕಾಲಿಗೆ ತ್ರಾಸಾಗುತ್ತದೆ, ಬರಬೇಡ ಎಂದರೂ ಶೈಲಜಾ ಕೇಳದೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು ಬಂದಳು. ಕಿವಿ ಪರೀಕ್ಷೆ ಮಾಡುವವಳು ಸೌಮ್ಯ ಎಂಬ ಸಣ್ಣ ವಯಸ್ಸಿನ ಹೆಣ್ಣುಮಗಳು. ಗಾಜಿನ ಕೋಣೆಯಲ್ಲಿ ಕೂರಿಸಿ, ಕೇಳಿಸಿದಾಗೆಲ್ಲ ಗುಂಡಿ ಒತ್ತಿ ಎಂದಳು. ಪರೀಕ್ಷೆಯಾದ ಮೇಲೆ ಮಿಷನ್ನನ್ನು ಕಂಪ್ಯೂಟರಿಗೆ ಜೋಡಿಸಿ ಬಹಳ ಹೊತ್ತು ಹೊಂದಿಸಿದಳು. ಮೊದಲ ದಿನವೇ ಇಡೀ ದಿನ ಹಾಕಿಕೊಂಡದ್ದೇ ತಪ್ಪಾದದ್ದು, ಇಷ್ಟು ವರ್ಷ ಸುಮ್ಮನಿದ್ದ ಮೆದುಳಿಗೆ ಸದ್ದು ಹೊಸದು, ದಿನಕ್ಕೆ ಒಂದು ತಾಸಿನಿಂದ ಶುರುಮಾಡಿ ಎಂದು ಬರೆದು ತೋರಿಸಿ ತಿಳಿಸಿದಳು. ಯಾವ ತಾಸು ಎಂಬುದನ್ನು ಕೊಟ್ರಪ್ಪ ಅಲ್ಲೇ ನಿರ್ಧರಿಸಿಕೊಂಡರು.

ಕೊನೆಗೆ ಸೌಮ್ಯ ಮಿಷನ್ ಹಾಕಿ, ಅವರನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದಳು. ತುಟಿ ಕಾಣದಂತೆ ಹಿಂದಿನಿಂದ ಯಾರಾದರೂ ಮಾಮೂಲಿ ದನಿಯಲ್ಲಿ ಮಾತಾಡಬೇಕು ಎಂದಳು. ಶಿವರಾಜ್ ಹೆಂಡತಿಯ ಮುಖ ನೋಡಿದ. ಕೊಟ್ರಪ್ಪ ಗೋಡೆ ನೋಡುತ್ತಾ ಕೂತಿದ್ದರು. ಫ್ಯಾನಿನ ಗರಗರ ಕೇಳಿತು, ಹೊರಗೆ ಯಾರೋ ಚಪ್ಪಲಿ ಎಳೆದುಕೊಂಡು ಹೋದದ್ದು ಕೇಳಿತು. ಆಮೇಲೆ ಅವರಿಗೆ ಪರಿಚಯವೇ ಇಲ್ಲದ ಒಂದು ಎಳೆಯ ದನಿ, ಕೊನೆಯಲ್ಲಿ ಚೂರು ನಗು ಸೇರಿಸಿಕೊಂಡು, ಹೇಳಿತು:

"ಮಾವ, ಇವತ್ತು ಯಾರು ಗೆಲ್ತಾರೆ?"

ಕೊಟ್ರಪ್ಪ ತಿರುಗಲಿಲ್ಲ. ಕೇಳಿಸಲಿಲ್ಲವೇನೋ ಎಂದು ಸೌಮ್ಯ ಮತ್ತೆ ಕಂಪ್ಯೂಟರಿಗೆ ಕೈ ಹಾಕಿದಳು.

"ನಿನ್ ದನಿ ಹಿಂಗೈತೇನವ್ವಾ," ಎಂದರು ಕೊಟ್ರಪ್ಪ, ಗೋಡೆಗೆ ಹೇಳಿದಂತೆ. "ಇನ್ನೊಮ್ಮೆ ಕೇಳು."

ಅವಳು ಇನ್ನೊಮ್ಮೆ ಕೇಳಿದಳು. ಗೆಲ್ಲುವವನು ವೆಂಕಟರಮಣಪ್ಪ ಎಂದು ಅವರು ಉತ್ತರ ಕೊಟ್ಟರು. ಅದು ಯಾರೆಂದು ಸೌಮ್ಯಳಿಗೆ ತಿಳಿಯಲಿಲ್ಲ. ಶಿವರಾಜ್ ಕಿಟಕಿಯ ಹತ್ತಿರ ಹೋಗಿ ಬೀದಿ ನೋಡುತ್ತಾ ನಿಂತ. ಹಿಂತಿರುಗುವಾಗ ಮುಂದಿನ ಸೀಟಿನಲ್ಲಿ ಕೂತ ಅಪ್ಪ ಯಾವುದೋ ಸಿಗ್ನಲ್ಲಿನಲ್ಲಿ ಅವನ ತೊಡೆಯ ಮೇಲೆ ಕೈಯಿಟ್ಟು, "ಮಿಷನ್ ಚಲೋ ಐತಿ ಕಣಪ್ಪ, ನೀನು ಆರಿಸಿ ತಂದಿದ್ದಿ," ಎಂದರು. ಅದಕ್ಕೆ ಶಿವರಾಜ್ ಮಾಮೂಲಿನಂತೆ ಕೂಗಿ ಉತ್ತರ ಕೊಡಲು ಹೋಗಿ, ನೆನಪಾಗಿ, ದನಿ ಇಳಿಸಿಕೊಂಡ.

ಅವತ್ತಿನ ಡಬಲ್ಸ್ ಫೈನಲ್ಲಿನಲ್ಲಿ ವೆಂಕಟರಮಣಪ್ಪ ಸೋತ. ಮರುದಿನ ಸಂಜೆಯ ಸಿಂಗಲ್ಸ್ ಫೈನಲ್ಲಿಗೆ ಮನೆಯವರೆಲ್ಲ ಟಿವಿಯ ಮುಂದೆ ಕೂತರು. ಮೊದಲ ಸಲ ಸದ್ದು ಹಾಕಿದರು. ಚೆಂಡು ರಾಕೆಟ್ಟಿಗೆ ತಗಲುವ ಆ ಒಂದೊಂದು ಪೆಟ್ಟೂ ಕೊಟ್ರಪ್ಪನವರಿಗೆ ಹಬ್ಬದಂತಿತ್ತು. ಸರಿಯಾಗಿ ಬಿದ್ದ ಪೆಟ್ಟಿನ ಸದ್ದೇ ಬೇರೆ, ನಾನು ಆಡುವಾಗ ಚೆಂಡು ನೋಡುವ ಮೊದಲೇ ಕಿವಿಗೆ ಗೊತ್ತಾಗುತ್ತಿತ್ತು ಎಂದು ಶೈಲಜಾ ಹೇಳಿದಳು. ಡೈ ನೆಟ್ಟಗೆ ಕೂತರೆ ಪ್ರೆಸ್ಸಿನ ಸದ್ದೂ ಹಾಗೇ ಇರುತ್ತಿತ್ತು ಎಂದರು ಕೊಟ್ರಪ್ಪ. ಅವರ ಊಹೆ ಅವತ್ತೂ ತಪ್ಪಿತು. ಶಿವರಾಜನದೂ ತಪ್ಪಿತು. ಆಟವನ್ನೇ ನೋಡದೆ, ನೀಲಿ ಅಂಗಿಯವನು ಗೆಲ್ಲಲಿ ಪಾಪ ಎಂದಿದ್ದ ಶರಣಮ್ಮನ ಮಾತು ನಿಜವಾಯಿತು.

ಪ್ಲಾಸ್ಟರ್ ಬಿಚ್ಚಿ ಶೈಲಜಾ ಮತ್ತೆ ವೈಟ್‌ಫೀಲ್ಡಿಗೆ ಹೋಗತೊಡಗಿದ ಮೇಲೂ ಆಟ ನಿಲ್ಲಲಿಲ್ಲ. ಪಂದ್ಯಗಳಿರುವ ದಿನ ಅವಳು ಊಟದ ಹೊತ್ತಿಗೆ ಫೋನ್ ಮಾಡುತ್ತಾಳೆ. ಮಾವ ಒಬ್ಬನ ಹೆಸರು ಹೇಳುತ್ತಾರೆ, ಸೊಸೆ ಇನ್ನೊಬ್ಬನದು. ವರ್ಷಗಟ್ಟಲೆ ಫೋನ್ ಮುಟ್ಟದಿದ್ದವರು ಈಗ ಮೊದಲ ರಿಂಗಿಗೇ ಎತ್ತುತ್ತಾರೆ. ಒಂದು ತಾಸು ಎರಡಾಯಿತು, ಎರಡು ನಾಲ್ಕಾಯಿತು; ಈಗ ಮಲಗುವಾಗ ಮಾತ್ರ ಮಿಷನ್ ತೆಗೆಯುತ್ತಾರೆ. ಮಿಕ್ಸಿ ಹಾಕುವಾಗ ಇವತ್ತಿಗೂ ಬಾಲ್ಕನಿಗೆ ಎದ್ದು ಹೋಗುತ್ತಾರೆ, ಅದು ಬೇರೆ.

ಜಾಲಹಳ್ಳಿ ಕ್ರಾಸಿನ ಹೋಟೆಲಿಗೂ ಒಂದು ಭಾನುವಾರ ಹೋದರು. ವೆಂಕಟರಮಣಪ್ಪನ ಪಕ್ಕದಲ್ಲೇ ಕೂತು, ಅವತ್ತು ನನಗೆ ಕೇಳಿಸಿರಲಿಲ್ಲ ಮಾರಾಯ, ತಮ್ಮನ ಸುದ್ದಿ ಅಂತ ಗೊತ್ತಾಗಲಿಲ್ಲ ಎಂದರು. ಅದು ನಮಗೆಲ್ಲ ಅವತ್ತೇ ಅರ್ಥವಾಗಿತ್ತು, ನೀನು ಬರುವುದನ್ನು ಯಾಕೆ ಬಿಟ್ಟೆ ಎಂಬುದೊಂದು ತಿಳಿಯಲಿಲ್ಲ ಎಂದು ವೆಂಕಟರಮಣಪ್ಪ ಹೇಳಿ, ಇನ್ನೊಂದು ದೋಸೆ ತರಿಸಿದರು. ಟೆನಿಸಿನಲ್ಲಿ ನಿನ್ನಂಥವನೊಬ್ಬ ಇದ್ದಾನೆ ಎಂದು ಕೊಟ್ರಪ್ಪ ಹೇಳಿದಾಗ, ಅವರು ಗೆಲ್ಲುತ್ತಾನೋ ಸೋಲುತ್ತಾನೋ ಎಂದಷ್ಟೇ ಕೇಳಿದರು.

ಫೆಬ್ರುವರಿಯಲ್ಲಿ ಶೈಲಜಾ ರಜೆ ಹಾಕಿ ಮಾವನನ್ನು ಮೆಟ್ರೊದಲ್ಲಿ ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋದಳು. ಅಲ್ಲಿನ ಅಂಗಳದಲ್ಲಿ ಹೆಸರೇ ಕೇಳಿರದ ಆಟಗಾರರ ಒಂದು ಸಣ್ಣ ಪಂದ್ಯಾವಳಿ ನಡೆಯುತ್ತಿತ್ತು. ನೋಡುವ ಜನವೂ ಅಷ್ಟಕ್ಕಷ್ಟೆ. ಕೊಟ್ರಪ್ಪ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡ ಒಬ್ಬ ಸಣಕಲ ಹುಡುಗನನ್ನು ಆರಿಸಿದರು. ಒಂದು ಗೇಮ್ ಪೂರ್ತಿ ಕಣ್ಣು ಮುಚ್ಚಿ ಕೂತು ಬರೀ ಚೆಂಡಿನ ಸದ್ದು ಕೇಳಿದರು. ಮರದ ಮೇಲಿನ ಗಿಳಿಗಳ ಕೂಗು, ಆಟಗಾರನ ಬೂಟು ಕಿರ್ರೆಂದದ್ದು, ದೂರದ ಬಸ್ಸು, ಎಲ್ಲ ಕೇಳಿದರು. ಕಣ್ಣು ಬಿಟ್ಟು, ಗೆಲ್ಲುವವನು ಇವನೇ ಎಂದು ಖಂಡಿತವಾಗಿ ಹೇಳಿದರು. ಹುಡುಗ ಎರಡು ಸೆಟ್ಟಿನಲ್ಲೇ ಸೋತ. ಅವನು ಸೋತು ಹೊರಗೆ ಹೋಗುವಾಗ ಕೊಟ್ರಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದವರು ಇವರನ್ನು ಅವನ ಕಡೆಯವರೆಂದೇ ತಿಳಿದರು.

ಆ ಸಂಜೆ ಮನೆಯ ಬಾಲ್ಕನಿಯಲ್ಲಿ ಶರಣಮ್ಮ ಮಂಡಕ್ಕಿ ಒಗ್ಗರಣೆ ಮಾಡಿ ತಂದಿಟ್ಟು ಪಕ್ಕದಲ್ಲಿ ಕೂತರು. ಕೊಟ್ರಪ್ಪ ದಿನದ ಕಥೆಯೆಲ್ಲ ಹೇಳಿ ಮುಗಿಸಿದರು. ಆಮೇಲೆ, ಹೇಳಲೋ ಬೇಡವೋ ಎನ್ನುವ ಹಾಗೆ, "ಇಷ್ಟು ವರ್ಷ ಒಂದೊಂದು ಮಾತೂ ಕೂಗಿ ಕೂಗಿ ಹೇಳಿದಿ. ಬ್ಯಾಸರ ಮಾಡ್ಕೊಂಡು ಮಾತು ಬಿಡಲಿಲ್ಲ. ಅದು ನನಗೆ ಗೊತ್ತೈತಿ," ಎಂದರು.

ಶರಣಮ್ಮ ತಟ್ಟೆಯನ್ನು ಅವರ ಕಡೆ ಸರಿಸಿದರು. "ಬಿಡ್ರಿ, ಅದ್ಯಾಕೀಗ," ಎಂದು ಎಂದಿನ ಗಟ್ಟಿ ಗಂಟಲಿನಲ್ಲೇ ಹೇಳಿದರು. "ನನಗೀಗ ಸಣ್ಣಗ ಮಾತಾಡೋದ ಮರ್ತು ಹೋಗೈತಿ."

ಕೆಳಗೆ ರಸ್ತೆಯಲ್ಲಿ ಹೋಗುತ್ತಿದ್ದವರು ಯಾರೋ ತಲೆಯೆತ್ತಿ ನೋಡಿದರು. ಕೊಟ್ರಪ್ಪ ನಕ್ಕು, ಮಂಡಕ್ಕಿಗೆ ಕೈ ಹಾಕಿದರು.